ಅಕ್ಕ ಎಲ್ಲಿ ಎಂದು ಕೇಳಿದ ಬಾಗಿಲು

ಬೇಡದ್ದು ಏನಾದರೂ ಕಣ್ಣಿಗೆ ಬಿದ್ದರೆ ಚಿಕ್ಕುವಿಗೆ ಕೈ ತುರಿಸುತ್ತಿತ್ತು. ಅದು ಅವಳ ಹೊಟ್ಟೆಪಾಡೂ ಹೌದು, ಹುಟ್ಟುಗುಣವೂ ಹೌದು. ಅಂಗಡಿ, ಕಚೇರಿ, ಮನೆಗಳ ಇಂಟರ್ನೆಟ್ ಜಾಲ ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಯಾರ ಮನೆಗೆ ಹೋದರೂ ರೂಟರ್ ಪೆಟ್ಟಿಗೆಯ ಒಳಹೊಕ್ಕು ಯಾವುದು ಸುಮ್ಮನೆ ಓಡುತ್ತಿದೆ ಎಂದು ಮೊದಲು ನೋಡುವಳು, ನೋಡಿದ ಕೂಡಲೇ ದೀಪ ಆರಿಸಿದ ಹಾಗೆ ಆರಿಸುವಳು. ಹೊಸದಾಗಿ ಸೇರಿದವರಿಗೂ ಅದೇ ಪಾಠ. ತಾನು ಆರಿಸಿದ್ದರಿಂದ ಯಾರಿಗೂ ಏನೂ ಆಗಿಲ್ಲ ಎಂಬ ಹೆಮ್ಮೆ ಬೇರೆ. ಅಂಥ ಹೆಮ್ಮೆ ಇರುವವರ ಹತ್ತಿರ ವಾದ ಮಾಡುವುದು ಸುಲಭವಲ್ಲ, ಗೆಲ್ಲುವುದಂತೂ ದೂರದ ಮಾತು.

ವಾದ ಮಾಡುವ ಒಬ್ಬ ಆ ಕಚೇರಿಯಲ್ಲಿದ್ದ. ಊಟದ ಡಬ್ಬಿ ತೆರೆಯುವಾಗಲೂ ಗೊಣಗುತ್ತಿದ್ದನಾದ್ದರಿಂದ ಎಲ್ಲರೂ ಅವನನ್ನು ಗೊಣಗಣ್ಣ ಎಂದೇ ಕರೆಯುತ್ತಿದ್ದರು. ಆ ವಾರ ಗಿರಾಕಿಯೊಬ್ಬರ ಮನೆಯ ರೂಟರ್ ಹೊರಗಿನ ಪುಂಡರ ಕೈಗೆ ಸಿಕ್ಕಿ ಸಂಸ್ಥೆಯ ಮಾನ ಹೋಗಿತ್ತು. ಆ ರೂಟರ್ ತನ್ನ ಮನೆಯವರಿಗಷ್ಟೇ ಅಲ್ಲದೆ ದಾರಿಹೋಕರಿಗೆಲ್ಲ ಯಾವ ಹೆಸರಿಗೆ ಯಾವ ನಂಬರು ಎಂದು ಬಿಡಿಸಿ ಹೇಳುತ್ತ ಕೂತಿತ್ತು. ಆದ್ದರಿಂದ ಊಟದ ಮೇಜಿನ ಮೇಲೆ ಅದೇ ಮಾತು: ಮನೆಯ ರೂಟರಿಗೆ ಈ ಹೆಸರು ಹೇಳುವ ಉಸಾಬರಿ ಬೇಕೆ, ಬೇಡವೆ?

"ಬೇಡ," ಎಂದಳು ಚಿಕ್ಕು. "ಪೆಟ್ಟಿಗೆ ದಾರಿ ತೋರಿಸಲಿ, ಸಾಕು. ಹೆಸರು ಹೇಳೋಕೆ ಹೊರಗೆ ದೊಡ್ಡದೊಡ್ಡವರು ಕೂತಿದಾರೆ. ಪ್ರಪಂಚದ ಹೆಸರೆಲ್ಲ ಅವರಿಗೆ ಬಾಯಿಪಾಠ."

"ಪ್ರಪಂಚದ್ದು ಸರಿ," ಎಂದ ಗೊಣಗಣ್ಣ. "ಮನೆ ಒಳಗಿನ ಹೆಸರು? ಅಡುಗೆಮನೆ ಕ್ಯಾಮೆರಾಗೆ ಯಾರೋ ಪುಟ್ಟ ಅಂತ ಹೆಸರಿಟ್ಟಿರ್ತಾರೆ. ಪುಟ್ಟ ಎಲ್ಲಿ ಅಂತ ಹೊರಗಿನವನನ್ನ ಕೇಳಿದ್ರೆ ಅವನಿಗೇನು ಗೊತ್ತು ಮಣ್ಣು?"

"ಮನೆ ಒಳಗೆ ಯಾರಪ್ಪ ಹೆಸರಿಟ್ಕೊಂಡು ಕೂರ್ತಾರೆ!" ಎಂದು ಅವಳು ನಕ್ಕಳು. ಉಳಿದವರೂ ನಕ್ಕರು. ಗೊಣಗಣ್ಣ ತನ್ನ ಡಬ್ಬಿಯ ಮುಚ್ಚಳ ಒತ್ತಿ, ಅವರಿಗಿಂತ ಮುಂಚೆ ಎದ್ದುಹೋದ.

ಯಾರಿಟ್ಟುಕೊಳ್ಳುತ್ತಾರೆ ಎಂದು ಕೇಳಿದವಳೇ ಒಂದು ವರ್ಷದ ಹಿಂದೆ ಇಟ್ಟಿದ್ದಳು. ಮರೆತಿದ್ದಳು, ಅಷ್ಟೇ.

ಚಿಕ್ಕುವಿನ ಅಪ್ಪ ಅಕ್ಕನ ಜೊತೆ ಎರಡನೇ ಮಹಡಿಯ ಸಣ್ಣ ಮನೆಯೊಂದರಲ್ಲಿದ್ದರು. ಜೀವಮಾನವೆಲ್ಲ ಬಸ್ ಓಡಿಸಿದವರು. ಊರಿನ ಯಾವ ತಿರುವಿನಲ್ಲಿ ಎಷ್ಟು ಬ್ರೇಕ್ ಒತ್ತಬೇಕು ಎಂದು ಕಾಲಿಗೇ ಗೊತ್ತಿದ್ದ ಮನುಷ್ಯನಿಗೆ ಈಗ ಬಚ್ಚಲುಮನೆ ಯಾವ ಕಡೆ ಎಂದು ತಿಳಿಯುತ್ತಿರಲಿಲ್ಲ. ಮಕ್ಕಳ ಹೆಸರೂ ಜಾರಿಹೋಗಿತ್ತು. ನೆನಪಿದ್ದದ್ದು ಒಂದೇ, ಡ್ಯೂಟಿ. ದಿನಕ್ಕೊಮ್ಮೆಯಾದರೂ ಎದ್ದು, ಅಂಗಿಯ ಗುಂಡಿ ಹಾಕಿಕೊಂಡು, ಡಿಪೋಗೆ ಹೊರಡುವರು. ಆ ಡಿಪೋ ಕೆಡವಿ ಅಂಗಡಿಸಾಲು ಕಟ್ಟಿ ಎಷ್ಟೋ ಕಾಲವಾಗಿತ್ತು. ಹೋಗುವ ದಾರಿಯಲ್ಲಿ ಲಾರಿಗಳು ಓಡಾಡುವ ಹೆದ್ದಾರಿ ಬೇರೆ ಬಂದಿತ್ತು.

ಮೊದಲು ಬಾಗಿಲಿಗೆ ಬೀಗ ಹಾಕಿ ನೋಡಿದರು. ಅಪ್ಪ ಬಾಗಿಲಿಗೆ ಹಣೆ ಜಜ್ಜಿಕೊಂಡು ಮಗುವಿನಂತೆ ಅತ್ತರು. ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಆಗ ಚಿಕ್ಕು ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಒಂದು ಏರ್ಪಾಡು ಮಾಡಿದಳು. ಬಾಗಿಲ ಚೌಕಟ್ಟಿನ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಾವಲುಗಣ್ಣು. ನಡುಮನೆಯ ಗೂಡಿನಲ್ಲಿ ಮಾತಾಡುವ ಪೆಟ್ಟಿಗೆ. ಬಾಗಿಲು ತೆರೆದರೆ ಕಣ್ಣು ಪೆಟ್ಟಿಗೆಗೆ ಸುದ್ದಿ ಕಳಿಸುತ್ತದೆ, ಪೆಟ್ಟಿಗೆ ಮನೆ ಹಾರಿಹೋಗುವ ಹಾಗೆ ಕೂಗುತ್ತದೆ. ಕೂಗುವುದು ಅಕ್ಕನ ದನಿಯಲ್ಲಿ. ಆ ದನಿಯನ್ನು ಚಿಕ್ಕು ಅಕ್ಕನ ಎದುರು ಕೂತು, ನಗಬೇಡ ನಗಬೇಡ ಎಂದು ಗದರುತ್ತ ಹಿಡಿದಿಟ್ಟಿದ್ದಳು: "ಅಪ್ಪಾ, ಎಲ್ಲಿಗೆ ಹೊರಟ್ರಿ? ಅಲ್ಲೇ ನಿಂತಿರಿ, ನಾನು ಬಂದೆ."

ಅಪ್ಪ ನಿಲ್ಲುತ್ತಿದ್ದರು. ಅದೇ ಸೋಜಿಗ. ಯಾರ ಮಾತಿಗೂ ಬಗ್ಗದವರು ಆ ದನಿಗೆ ಬಾಗಿಲ ಚೌಕಟ್ಟು ಹಿಡಿದು, ಬ್ರೇಕ್ ಹಾಕಿದ ಹಾಗೆ ನಿಂತುಬಿಡುವರು. ಅಕ್ಕ ಕಣ್ಣುಜ್ಜುತ್ತ ಎದ್ದು ಬಂದು, "ಇವತ್ತು ನಿಮಗೆ ರಜ ಅಪ್ಪಾ," ಎನ್ನುವಳು. "ಹೌದಾ? ಮೊದಲೇ ಹೇಳ್ಬಾರ್ದಾ, ಸುಮ್ನೆ ಗುಂಡಿ ಹಾಕ್ಕೊಂಡೆ," ಎಂದು ಅವರು ಒಳಗೆ ಬರುವರು.

ಅಕ್ಕ ಎದ್ದಿರುವಾಗ ಇದೆಲ್ಲ ಬೇಕಿರಲಿಲ್ಲ, ಅವಳೇ ಮೈಯೆಲ್ಲ ಕಣ್ಣಾಗಿರುತ್ತಿದ್ದಳು. ಮಲಗುವ ಮುಂಚೆ ಮಾತ್ರ ಸ್ಟೂಲು ಹತ್ತಿ ಕಾವಲುಗಣ್ಣಿನ ಗುಂಡಿ ಮೇಲಕ್ಕೆ ತಳ್ಳುವಳು, ಎದ್ದ ಮೇಲೆ ಕೆಳಕ್ಕೆ. ಅಪ್ಪ ರಾತ್ರಿಯೆಲ್ಲ ನಾಲ್ಕಾರು ಬಾರಿ ಎಬ್ಬಿಸುತ್ತಿದ್ದುದರಿಂದ ಅವಳ ನಿಜವಾದ ನಿದ್ದೆ ಮಧ್ಯಾಹ್ನದ್ದು, ಅಪ್ಪ ಊಟ ಮಾಡಿ ಮಲಗಿದಾಗ. ಇದಕ್ಕಾಗಿ ಅವಳು ಪಕ್ಕದ ಬೀದಿಯ ಶಿಶುವಿಹಾರದ ಕೆಲಸ ಬಿಟ್ಟಿದ್ದಳು. ಮಕ್ಕಳನ್ನು ತಟ್ಟಿ ಮಲಗಿಸುವುದರಲ್ಲಿ ಅವಳ ಕೈಗುಣವೇ ಬೇರೆ ಎಂದು ಆ ಬೀದಿಯ ತಾಯಂದಿರು ಈಗಲೂ ಹೇಳುತ್ತಿದ್ದರು.

ರೂಟರ್ ಮನೆಯ ಒಂದೊಂದು ಯಂತ್ರಕ್ಕೂ ಒಂದೊಂದು ನಂಬರು ಹಂಚುತ್ತದೆ. ಕರೆಂಟ್ ಹೋಗಿ ಬಂದರೆ ಆ ನಂಬರುಗಳು ಅದಲುಬದಲಾಗುತ್ತವೆ. ಹಾಗಾದಾಗ ಕಾವಲುಗಣ್ಣಿಗೆ ಪೆಟ್ಟಿಗೆ ಸಿಗದೆ ಹೋಗಬಾರದೆಂದು ಚಿಕ್ಕು ಪೆಟ್ಟಿಗೆಗೆ ಒಂದು ಹೆಸರಿಟ್ಟಳು. ನಂಬರು ಏನೇ ಆಗಲಿ, ಹೆಸರು ಹಿಡಿದು ಕೇಳಿದರೆ ರೂಟರ್ ಹೇಳುತ್ತದೆ. ಪೆಟ್ಟಿಗೆಗೆ ಅವಳಿಟ್ಟ ಹೆಸರು ಅಕ್ಕ.

ಊಟದ ಮೇಜಿನ ವಾದವಾದ ಮೇಲೆ ಬಂದ ಭಾನುವಾರ ಅವಳು ಎಂದಿನಂತೆ ಅಕ್ಕನ ಮನೆಗೆ ಬಂದಳು. ಭಾನುವಾರದ ಮಗಳು ಎಂದು ಸೋದರತ್ತೆ ಹಂಗಿಸುತ್ತಿದ್ದುದು ಸುಳ್ಳೇನಲ್ಲ. ಬಂದವಳು ಚಹಾ ಆರುವ ಮುಂಚೆಯೇ ಲ್ಯಾಪ್‌ಟಾಪ್ ಬಿಚ್ಚಿದಳು.

"ಮತ್ತೇನು ಕೆಡಿಸ್ತೀಯ?" ಎಂದಳು ಅಕ್ಕ, ಅಪ್ಪನ ಉಗುರು ಕತ್ತರಿಸುತ್ತ.

"ಕೆಡಿಸೋದಲ್ಲ, ಭದ್ರ ಮಾಡೋದು. ನಿನ್ನ ರೂಟರ್ ಕೇಳಿದವರಿಗೆ ಹೆಸರು ಹೇಳೋ ಕೆಲಸ ಹಚ್ಕೊಂಡಿದೆ. ಯಾರ ಹೆಸರು ಹೇಳಿದ್ರೂ ಅವರ ನಂಬರು ಹುಡುಕಿ ಕೊಡೋದು. ಅದರ ಅಗತ್ಯ ಇಲ್ಲ. ಹೊರಗಿನವರನ್ನ ಕೇಳ್ಕೊಳ್ಳಿ ಅಂತ ಎಲ್ಲಾದಕ್ಕೂ ಹೇಳಿಬಿಡ್ತೀನಿ."

"ನಾನು ಅಪ್ಪನಿಗೆ ಮಾಡೋ ಕೆಲಸ ಅನ್ನು," ಎಂದು ಅಕ್ಕ ನಕ್ಕಳು. "ಅಪ್ಪಾ, ಇವಳು ಯಾರು ಹೇಳಿ ನೋಡೋಣ?"

ಅಪ್ಪ ಚಿಕ್ಕುವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡಿ, ಅಕ್ಕನ ಕಡೆ ತಿರುಗಿ, "ನೀನೇ ಹೇಳಮ್ಮ," ಎಂದರು. ಮೂವರೂ ನಕ್ಕರು.

ಚಿಕ್ಕು ಆರಿಸಿದಳು. ಆಮೇಲೆ ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದಳು, ಅದರಲ್ಲಿ ಅವಳನ್ನು ದೂರುವಂತಿಲ್ಲ. ಫೋನು ಸರಿ, ಟೀವಿ ಸರಿ. ಕೊನೆಗೆ ಕಾವಲುಗಣ್ಣಿನ ಗುಂಡಿ ತಳ್ಳಿ ಬಾಗಿಲು ತೆರೆದಳು. ಪೆಟ್ಟಿಗೆ ಗಟ್ಟಿಯಾಗಿ ಕೂಗಿತು. ಕುರ್ಚಿಯಲ್ಲಿದ್ದ ಅಪ್ಪ ಬೆಚ್ಚಿ, "ಇಲ್ಲೇ ಇದೀನಲ್ಲಮ್ಮ!" ಎಂದರು. ಚಿಕ್ಕು ತನ್ನ ಬೆನ್ನು ತಾನೇ ತಟ್ಟಿಕೊಂಡು ಚಹಾ ಕುಡಿದಳು. ತಣ್ಣಗಾಗಿತ್ತು.

ಮಂಗಳವಾರ ಆ ಬೀದಿಯಲ್ಲಿ ಕರೆಂಟ್ ಹೋಗಿ ಬಂತು. ಅದನ್ನು ಯಾರೂ ಗಮನಿಸಲಿಲ್ಲ. ಬುಧವಾರ ಮಧ್ಯಾಹ್ನ ಅಕ್ಕ ಸ್ಟೂಲು ಹತ್ತಿ ಗುಂಡಿ ಮೇಲಕ್ಕೆ ತಳ್ಳಿ ಮಲಗಿದಳು. ಕೆಳಮನೆಯ ಟೈಲರ್ ಓಡಿಬಂದು, ತೆರೆದೇ ಇದ್ದ ಬಾಗಿಲು ಬಡಿದಾಗಲೇ ಅವಳಿಗೆ ಎಚ್ಚರ. ಅಪ್ಪ ಹೆದ್ದಾರಿಯ ನಟ್ಟನಡುವೆ, ತಮ್ಮ ಬಸ್ಸಿನ ಜಾಗದಲ್ಲಿ ನಡೆದುಕೊಂಡು ಹೋಗುತ್ತಿದ್ದರಂತೆ. ಮರಳಿನ ಲಾರಿಯವನು ಹಾರ್ನ್ ಹೊಡೆದೇ ಹೊಡೆದನಂತೆ. ಅಂಗಿಯ ಗುಂಡಿಗಳೆಲ್ಲ ಸರಿಯಾಗಿ ಹಾಕಿದ್ದವು ಎಂದು ಟೈಲರ್ ಎಲ್ಲರಿಗೂ ಹೇಳುತ್ತಿದ್ದ, ಅವನಿಗೆ ಕಂಡಿದ್ದು ಅದು.

ಮಣ್ಣು ಮಾಡಿ ಬಂದ ಮೇಲೂ ಅಕ್ಕ ಅಳಲಿಲ್ಲ. ಗೂಡಿನ ಕಡೆ ನೋಡುತ್ತ ಕೂತಿದ್ದಳು. ಎರಡೇ ಮಾತನ್ನು ತಿರುತಿರುಗಿ ಆಡುತ್ತಿದ್ದಳು. "ಅದು ಕೂಗಿದೆ ಚಿಕ್ಕೂ. ಕಿವಿ ಪಕ್ಕದಲ್ಲೇ ಕೂಗಿದೆ, ನಾನು ಹೆಣದ ಹಾಗೆ ಮಲಗಿದೀನಿ." ಸ್ವಲ್ಪ ಹೊತ್ತಾದ ಮೇಲೆ, "ಯಾವಾಗ್ಲೂ ನಿಲ್ತಿದ್ರು. ಆವತ್ತು ನನ್ನ ಮಾತು ಯಾಕೆ ಕೇಳ್ಲಿಲ್ಲ?"

ಮಾರನೆಯ ದಿನ ಸೋದರತ್ತೆ ಬಂದರು. ಅಪ್ಪನ ತಂಗಿ. ದುಃಖ ಬಂದರೆ ಕಣ್ಣಿಗಿಂತ ಮೊದಲು ಬಾಯಿ ತೆರೆಯುವ ಹೆಂಗಸು. ಅವರು ಬಾಗಿಲು ದೂಡಿಕೊಂಡು ಒಳಗೆ ಬರುವಾಗ ಚಿಕ್ಕು ಎದುರಿಗೇ ನಿಂತಿದ್ದಳು. ಚೌಕಟ್ಟಿನ ಮೇಲೆ ಕಾವಲುಗಣ್ಣಿನ ಹಸಿರು ಚುಕ್ಕಿ ಪಿಳಕ್ಕೆಂದಿತು. ಗುಂಡಿ ಇನ್ನೂ ಮೇಲೇ ಇದೆ, ಬುಧವಾರದಿಂದ ಯಾರೂ ಇಳಿಸಿಲ್ಲ ಎಂದು ಅವಳಿಗೆ ಹೊಳೆಯಿತು. ಹಾಗಾದರೆ ಪೆಟ್ಟಿಗೆ ಈಗ ಕೂಗಬೇಕಿತ್ತಲ್ಲ? ಅದು ಕೂಗಲಿಲ್ಲ. ಪ್ಲಗ್ ಸಿಕ್ಕಿಸಿದ್ದು ಹಾಗೇ ಇತ್ತು, ದೀಪ ಉರಿಯುತ್ತಿತ್ತು. ಅವಳಿಗೆ ಹುಡುಕುವುದೇನೂ ಉಳಿದಿರಲಿಲ್ಲ.

ಭಾನುವಾರ ಪೆಟ್ಟಿಗೆ ಕೂಗಿದ್ದು ಕಾವಲುಗಣ್ಣಿಗೆ ಹಳೆಯ ನಂಬರು ನೆನಪಿದ್ದುದರಿಂದ. ಒಮ್ಮೆ ಕೇಳಿ ತಿಳಿದದ್ದನ್ನು ಅದು ಇಟ್ಟುಕೊಂಡಿರುತ್ತದೆ. ಮಂಗಳವಾರ ಕರೆಂಟ್ ಹೋಗಿ ಬಂದಾಗ ಪೆಟ್ಟಿಗೆಯ ನಂಬರು ಬದಲಾಯಿತು. ಬುಧವಾರ ಅಪ್ಪ ಬಾಗಿಲು ತೆರೆದಾಗ ಕಣ್ಣು ಹಳೆಯ ನಂಬರಿಗೆ ಹೋಗಿ, ಅಲ್ಲಿ ಯಾರೂ ಸಿಗದೆ, ಅಕ್ಕ ಎಲ್ಲಿ ಎಂದು ಕೇಳಿದೆ. ಮನೆಯ ರೂಟರಿನ ಬಾಯಿಗೆ ಬೀಗ. ಹೊರಗೆ ಪ್ರಪಂಚದ ಹೆಸರೆಲ್ಲ ಬಾಯಿಪಾಠವಿದ್ದವರು, ಅಕ್ಕ ಎಂಬ ಹೆಸರೇ ಇಲ್ಲ ಎಂದಿದ್ದಾರೆ.

"ಹಾಡುಹಗಲಲ್ಲಿ ಮಲಗಿದ್ಯಂತಲ್ಲೇ," ಎಂದರು ಅತ್ತೆ ಅಕ್ಕನಿಗೆ, ಚಪ್ಪಲಿಯನ್ನೂ ಬಿಡದೆ. "ಅಷ್ಟು ಕೂಗೋ ಯಂತ್ರ ಇಟ್ಕೊಂಡು! ಬೀದಿಗೆಲ್ಲ ಕೇಳಿಸೋದು ನಿಂಗೆ ಕೇಳಿಸ್ಲಿಲ್ವಾ? ಕೇಳಿಸಿದ್ರೂ ಹೋದ್ರೆ ಹೋಗ್ಲಿ ಅಂತ ಮಗ್ಗುಲು ಬದಲಾಯಿಸಿದ್ಯೋ?"

ಅಕ್ಕ ತಲೆ ಎತ್ತಲಿಲ್ಲ. ಆಮೇಲೆ ಚಿಕ್ಕುವಿನ ಕಡೆ ನೋಡಿದಳು. ಏನಾದರೂ ಒಂದು ಮಾತು ಆಡುತ್ತಾಳೇನೋ ಎಂಬ ನೋಟ ಅದು. "ಅತ್ತೆ, ಚಹಾ ತರ್ತೀನಿ," ಎಂದು ಚಿಕ್ಕು ಅಡುಗೆಮನೆಗೆ ಹೋದಳು. ನೀರು ಕುದಿದು ಇಂಗುವವರೆಗೂ ಅಲ್ಲೇ ನಿಂತಿದ್ದಳು. ಅತ್ತೆಯ ಮಾತು ಅಲ್ಲಿಗೂ ಕೇಳಿಸುತ್ತಿತ್ತು.

ಹೇಡಿತನಕ್ಕೆ ಕಾರಣಗಳ ಬರ ಇರುವುದಿಲ್ಲ. ಅತ್ತೆ ಹೋಗಲಿ, ಆಮೇಲೆ ಹೇಳೋಣ ಎಂದುಕೊಂಡಳು. ಅತ್ತೆ ಹೋದರು. ಬಂದು ಹೋಗುವವರ ಕಾಟ ಮುಗಿಯಲಿ ಎಂದುಕೊಂಡಳು. ಅದೂ ಮುಗಿಯಿತು. ಹೇಳಿದರೆ ಅಪ್ಪ ವಾಪಸ್ ಬರುತ್ತಾರೆಯೆ ಎಂದು ಕೇಳಿಕೊಂಡಳು. ಇಷ್ಟರ ನಡುವೆ ಅಕ್ಕ ಮಲಗುವುದನ್ನೇ ಬಿಟ್ಟಳು. ಚಾಪೆ ಮಡಿಸಿ ಗೋಡೆಗೆ ಒರಗಿಸಿ, ಕುರ್ಚಿಯಲ್ಲೇ ಕೂತಿರುತ್ತಿದ್ದಳು. ತೂಕಡಿಕೆ ಬಂದರೆ ಎದ್ದು ಮುಖಕ್ಕೆ ತಣ್ಣೀರು ಎರಚಿಕೊಂಡು ಬರುವಳು. ಕಾಯುವುದಕ್ಕೆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ, ಆದರೂ ಕಾಯುತ್ತಿದ್ದಳು.

ಶಿಶುವಿಹಾರ ನಡೆಸುವ ಹೆಂಗಸು ಒಂದು ಸಂಜೆ ಬಂದಳು. ಒಳ್ಳೆಯವಳು. "ನಾಳೆಯಿಂದಲೇ ಬಾ. ಮಕ್ಕಳ ಮಧ್ಯೆ ಇದ್ರೆ ಮನಸ್ಸು ಹಗುರ ಆಗುತ್ತೆ," ಎಂದಳು.

"ಬೇಡ," ಎಂದಳು ಅಕ್ಕ. "ನನ್ನ ಕೈಗೆ ಯಾರ ಮಕ್ಕಳನ್ನೂ ಕೊಡ್ಬೇಡಿ. ನಾನು ಮಲಗಿಬಿಡೋಳು." ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ತನಗೆ ಕಣ್ಣು ಮಂದ ಎಂದು ಹೇಳುವ ಹಾಗೆ ಹೇಳಿದಳು. ಆ ಹೆಂಗಸು ಚಿಕ್ಕುವಿನ ಮುಖ ನೋಡಿದಳು. ಚಿಕ್ಕು ನೆಲ ನೋಡಿದಳು.

ಕಚೇರಿಯಲ್ಲಿ ಗೊಣಗಣ್ಣ ಅವಳ ಮೇಜಿನ ಪಕ್ಕ ಬಂದು ನಿಂತು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, "ನಿಮ್ಮಪ್ಪನ ಸುದ್ದಿ ಕೇಳ್ದೆ. ಪಾಪ," ಎಂದ.

"ಆವತ್ತು ನೀನು ಪುಟ್ಟನ ವಿಷಯ ಹೇಳ್ದೆಯಲ್ಲ," ಎಂದಳು ಅವಳು. "ಪುಟ್ಟ ಸಿಗದೇ ಹೋದ್ರೆ, ಕೇಳ್ತಿದ್ದ ಯಂತ್ರ ಏನು ಮಾಡುತ್ತೆ?"

"ಏನು ಮಾಡುತ್ತೆ, ಸುದ್ದಿ ಇಟ್ಕೊಂಡು ಕೂತಿರುತ್ತೆ. ಆಗಾಗ ಮತ್ತೆ ಕೇಳ್ತಿರುತ್ತೆ. ಸಿಗೋವರೆಗೂ ಬಿಡಲ್ಲ," ಎಂದ ಅವನು. ಯಾಕೆ ಎಂದು ಅವನು ಕೇಳುವ ಮುಂಚೆ ಅವಳು ಫೋನ್ ಎತ್ತಿಕೊಂಡು ಯಾರ ಜೊತೆಗೋ ಮಾತಾಡತೊಡಗಿದಳು. ಅವನ ಮಾತಿನ ಮೊದಲರ್ಧವನ್ನು ಅವಳು ಕೇಳಿಸಿಕೊಂಡಳೇ ಹೊರತು, ಉಳಿದದ್ದನ್ನು ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಅವಳ ತಲೆಯಲ್ಲಿ ಆಗಲೇ ಒಂದು ಲೆಕ್ಕಾಚಾರ ಕೂತಿತ್ತು. ಆರಿಸಿದ್ದನ್ನು ಮತ್ತೆ ಹೊತ್ತಿಸಿಬಿಟ್ಟರೆ ಎಲ್ಲ ಮೊದಲಿದ್ದ ಹಾಗೇ ಆಗುತ್ತದೆ. ನಾಳೆ ಯಾರಾದರೂ ಬಾಗಿಲು ತೆರೆದು ನೋಡಿದರೂ ಪೆಟ್ಟಿಗೆ ಕೂಗುತ್ತದೆ. ಕೂಗದೆ ಇತ್ತು ಎಂಬುದು ಅವಳೊಬ್ಬಳಿಗೆ ಗೊತ್ತಿರುತ್ತದೆ.

ಭಾನುವಾರ ಬಂದಳು. ಅಕ್ಕ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. "ರೂಟರ್ ಸ್ವಲ್ಪ ನೋಡ್ತೀನಿ ಅಕ್ಕ," ಎಂದಳು ಚಿಕ್ಕು.

"ನೋಡು. ಇನ್ನು ಯಾರಿಗೆ ಬೇಕಾಗಿದೆ ಅದು," ಎಂದಳು ಅಕ್ಕ, ತಿರುಗಿಯೂ ನೋಡದೆ.

ಬಾಗಿಲು ಮುಚ್ಚಿತ್ತು. ಚಿಕ್ಕು ಅಪ್ಪನ ಕುರ್ಚಿಯಲ್ಲಿ ಕೂರಲಾರದೆ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ಬಿಚ್ಚಿದಳು. ಹೆಸರು ಹೇಳುವ ಸೇವೆಯ ಎದುರಿಗಿದ್ದ ಗುಂಡಿಯನ್ನು ಒತ್ತಿದಳು. ಅಷ್ಟು ಹಗುರವಾದ ಕೆಲಸ ಅದು.

"ಅಪ್ಪಾ, ಎಲ್ಲಿಗೆ ಹೊರಟ್ರಿ? ಅಲ್ಲೇ ನಿಂತಿರಿ, ನಾನು ಬಂದೆ."

ಅಡುಗೆಮನೆಯಲ್ಲಿ ಪಾತ್ರೆ ಬಿತ್ತು. ಅಕ್ಕ ಒದ್ದೆ ಕೈಯಲ್ಲೇ ಓಡಿಬಂದಳು, ಬಾಗಿಲ ಕಡೆಗೆ. ಅಭ್ಯಾಸಬಲ. ಬಾಗಿಲು ಮುಚ್ಚಿದ್ದನ್ನು ನೋಡಿ ಅಲ್ಲೇ ನಿಂತಳು.

"ಅಪ್ಪಾ, ಎಲ್ಲಿಗೆ ಹೊರಟ್ರಿ? ಅಲ್ಲೇ ನಿಂತಿರಿ, ನಾನು ಬಂದೆ."

ಸಿಗುವವರೆಗೂ ಬಿಡುವುದಿಲ್ಲ. ಗೊಣಗಣ್ಣನ ಮಾತು ಚಿಕ್ಕುವಿಗೆ ಈಗ ಕೇಳಿಸಿತು. ಕಣ್ಣು ಇಟ್ಟುಕೊಂಡಿದ್ದ ಸುದ್ದಿಯನ್ನೆಲ್ಲ ಪೆಟ್ಟಿಗೆಗೆ ಒಪ್ಪಿಸುತ್ತಿತ್ತು, ಬಾಗಿಲು ತೆರೆದ ಒಂದೊಂದು ಸಲಕ್ಕೂ ಒಂದೊಂದು ಕೂಗು. ಮೊದಲನೆಯದು ಅಪ್ಪನದು. ಆಮೇಲಿನವು ಹೆಣ ತಂದವರವು, ಹೂವು ತಂದವರವು, ಅತ್ತೆಯದು, ಶಿಶುವಿಹಾರದ ಹೆಂಗಸಿನದು. ಪೆಟ್ಟಿಗೆ ನಿಲ್ಲಿಸಲು ಚಿಕ್ಕು ಎದ್ದಳು.

"ಮುಟ್ಬೇಡ," ಎಂದಳು ಅಕ್ಕ.

ಕೂಗು ಮುಗಿಯುವವರೆಗೂ ಅವಳು ಗೂಡಿನ ಎದುರು ನಿಂತು ತನ್ನದೇ ದನಿಯನ್ನು ಕೇಳಿದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ದಡ್ಡಿಯಲ್ಲ. ಕೊನೆಗೆ ಮನೆ ಸುಮ್ಮನಾದಾಗ ಹೇಳಿದಳು: "ಆವತ್ತು ಇದು ಕೂಗಿರ್ಲಿಲ್ಲ."

"ಇಲ್ಲಕ್ಕ."

"ನಾನು ಎದ್ದೇಳದೆ ಮಲಗಿದ್ದಲ್ಲ."

"ಅಲ್ಲ. ನಾನು ಅದಕ್ಕೆ ಮುಂಚಿನ ಭಾನುವಾರ ಒಂದನ್ನ ಆರಿಸಿದ್ದೆನಲ್ಲ, ಅದರಿಂದ. ಬಾಗಿಲು ನಿನ್ನನ್ನ ಕರೀತು ಅಕ್ಕ. ಯಾರೂ ಹೇಳೋರಿರ್ಲಿಲ್ಲ. ನನ್ನ ತಪ್ಪು. ಪೂರ್ತಿ ನನ್ನದು."

"ಅಪ್ಪ ನನ್ನ ಮಾತು ಮೀರಿ ಹೋಗಿದ್ದಲ್ಲ," ಎಂದಳು ಅಕ್ಕ. ಹೇಳುತ್ತಿದ್ದಂತೆ ಅವಳ ಮುಖ ಕಿವುಚಿತು. ಮಣ್ಣು ಮಾಡಿದ ದಿನದಿಂದ ಬಾರದಿದ್ದ ಅಳು ಈಗ ಬಂತು. ಅಪ್ಪನ ಕುರ್ಚಿಯ ಕೈ ಹಿಡಿದು, ಬಾಯಿ ತೆರೆದು, ದೊಡ್ಡದಾಗಿ ಅತ್ತಳು. ಚಿಕ್ಕು ಹತ್ತಿರ ಹೋಗಿ ಭುಜ ಮುಟ್ಟಿದಳು. ಅಕ್ಕ ಕೊಡವಿಕೊಳ್ಳಲಿಲ್ಲ. ಬಹುಶಃ ಇದೇ ಸಾಕು, ಇಷ್ಟಕ್ಕೇ ಮುಗಿಯಿತು ಎಂದು ಚಿಕ್ಕುವಿಗೆ ಒಂದು ಗಳಿಗೆ ಅನ್ನಿಸಿತು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ಈಗ ತಾನೇ ಎನ್ನಬಹುದಿತ್ತು. ಆದರೆ ಈಗ ತಾನೇ ಗೊತ್ತಾದವಳು ಇಷ್ಟು ಸದ್ದಿಲ್ಲದೆ ನೆಲದ ಮೇಲೆ ಕೂತು ಗುಂಡಿ ಒತ್ತುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಅತ್ತೆ ಬಂದ ದಿನ," ಎಂದಳು ಚಿಕ್ಕು.

"ಅವರು ಬೈಯೋಕೆ ಮುಂಚೆನಾ, ಆಮೇಲಾ?"

"ಮುಂಚೆ."

ಅಕ್ಕ ಭುಜದ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟಳು. "ನಾನು ನಿನ್ನ ಮುಖ ನೋಡ್ದೆ ಆವತ್ತು," ಎಂದಳು. "ನೀನು ಚಹಾ ಮಾಡೋಕೆ ಹೋದೆ."

"ಅಕ್ಕ, ಹೆದರಿಕೆ ಆಯ್ತು. ನಿಜವಾಗ್ಲೂ..."

"ಆರಿಸಿದ್ದು ಹೊಟ್ಟೆಗೆ ಹಾಕ್ಕೋತೀನಿ. ಗೊತ್ತಿಲ್ದೆ ಮಾಡ್ದೆ. ಇದು ಆಗಲ್ಲ ಚಿಕ್ಕೂ." ದನಿ ಏರಲಿಲ್ಲ. ಲ್ಯಾಪ್‌ಟಾಪ್ ಮಡಿಸಿ, ಅದರ ವೈರು ಸುತ್ತಿ, ಚೀಲದಲ್ಲಿಟ್ಟು, ಚೀಲವನ್ನು ತಂಗಿಯ ಹೆಗಲಿಗೆ ತಾನೇ ಹಾಕಿದಳು. ಚಿಕ್ಕವಳಿದ್ದಾಗ ಶಾಲೆಗೆ ಹೊರಡಿಸುತ್ತಿದ್ದುದೂ ಹೀಗೆಯೇ. "ಹೊರಡು. ನಂಗೆ ನಿದ್ದೆ ಬರ್ತಿದೆ."

ಚಿಕ್ಕು ಬಾಗಿಲು ತೆರೆದಳು. ಹಸಿರು ಚುಕ್ಕಿ ಪಿಳಕ್ಕೆಂದಿತು.

"ಅಪ್ಪಾ, ಎಲ್ಲಿಗೆ ಹೊರಟ್ರಿ? ಅಲ್ಲೇ ನಿಂತಿರಿ, ನಾನು ಬಂದೆ."

ಹೊರಗಿನ ಮೆಟ್ಟಿಲ ಮೇಲೆ ಕಾಲಿಟ್ಟವಳು ಆ ದನಿಗೆ ನಿಂತುಬಿಟ್ಟಳು, ಗೋಡೆಗೆ ಕೈ ಕೊಟ್ಟು. ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು, ಚಿಲಕ ಹಾಕಿದ ಸದ್ದಾಯಿತು. ಗೋಡೆಗೆ ಒರಗಿಸಿದ್ದ ಚಾಪೆಯನ್ನು ಬಿಚ್ಚಿ ಹಾಸುವ ಸದ್ದೂ ಕೇಳಿಸಿತು. ಆದರೂ ಚಿಕ್ಕು ನಿಂತೇ ಇದ್ದಳು. ಕೆಳಮನೆಯ ಟೈಲರ್ ಹೊರಗೆ ಬಂದು, ಯಾಕಮ್ಮ ಇಲ್ಲೇ ನಿಂತಿದೀಯ ಎಂದು ಕೇಳುವವರೆಗೂ ನಿಂತಿದ್ದಳು. ಅಕ್ಕ ಬರಲಿಲ್ಲ.